ಹಲ್ಲಿನಿಂದ ಕೇಳುವ ಮೇಸ್ತ್ರಿ

ದೆಸಿದೇರಿ ಕಿಹ್ವೇಲೆ ಲೋಕದ ಸದ್ದುಗಳನ್ನು ಕಿವಿಯಿಂದ ಕೇಳುವುದನ್ನು ಬಿಟ್ಟು ಬಹುಕಾಲವಾಗಿತ್ತು. ಅವನು ಕೇಳುತ್ತಿದ್ದದ್ದು ಹಲ್ಲಿನಿಂದ. ಉಗಾಲಿ, ಅಂದರೆ ಮೆಕ್ಕೆಜೋಳದ ಮುದ್ದೆ, ತಿರುವಿ ತಿರುವಿ ಅಂಚು ಸವೆದು, ಅವನ ಹೆಂಡತಿ ಒಲೆಯ ಬಳಿಯಿಂದ ಎಂದೋ ನಿವೃತ್ತಿಗೊಳಿಸಿದ್ದ ಒಂದು ಮುದ್ದೆಕೋಲನ್ನು ಅವನು ತನ್ನ ಪಾನಾ, ಸುತ್ತಿಗೆಗಳ ಸಾಲಿನಲ್ಲೇ ಗೌರವದಿಂದ ಇಟ್ಟುಕೊಂಡಿದ್ದ. ಲಾರಿಯ ಚಕ್ರವನ್ನು ಜಾಕಿನ ಮೇಲೆತ್ತಿಸಿ, ಯಾರನ್ನಾದರೂ ಅದನ್ನು ಮೆಲ್ಲಗೆ ತಿರುಗಿಸಲು ಹಚ್ಚಿ, ಕೋಲಿನ ಅಗಲವಾದ ತುದಿಯನ್ನು ಚಕ್ರದ ನಡುಗಂಬಕ್ಕೆ ಆನಿಸಿ, ಹಿಡಿಯನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿ, ಕಣ್ಣು ಮುಚ್ಚಿಕೊಂಡು ಅವನು ಕೂತನೆಂದರೆ, ಹೆದ್ದಾರಿಯ ಮೇಲಿನ ಬಸ್ಸುಗಳು ಕಿರುಚಿಕೊಂಡು ಹೋದರೂ ಅವನಿಗೆ ಪರಿವೆಯಿರುತ್ತಿರಲಿಲ್ಲ. ಹಿಂದೊಮ್ಮೆ ಗಾಳಿ ತುಂಬುವಾಗ ಟೈರೊಂದು ಸಿಡಿದು ಅವನ ಬಲಗಿವಿಯನ್ನು ಪೂರ್ತಿ, ಎಡಗಿವಿಯನ್ನು ಅರ್ಧ ಕಸಿದುಕೊಂಡಿತ್ತು. ಬೆನ್ನ ಹಿಂದೆ ನಿಂತು ಕೂಗಿದರೂ ತಿರುಗದ ಈ ಮನುಷ್ಯ, ಬೇರಿಂಗಿನೊಳಗೆ ಒಂದು ಉರುಳೆ ಒಡೆದಿದ್ದರೆ ಅದು ತನ್ನ ಹಲ್ಲಿಗೆ ಬಂದು ತಟ್ಟುತ್ತದೆ ಎನ್ನುತ್ತಿದ್ದ, ಮತ್ತು ಅದು ತಟ್ಟುತ್ತಲೂ ಇತ್ತು. ಹೊಸ ಡ್ರೈವರುಗಳು ಇದನ್ನು ನೋಡಿ ಮೊದಲ ಸಲ ನಗುತ್ತಿದ್ದರು, ಎರಡನೆಯ ಸಲ ಸುಮ್ಮನಿರುತ್ತಿದ್ದರು. ಅವನ ಗ್ಯಾರೇಜಿಗೆ ಎದುರಾಗಿ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ಲುವಾಂಡಾ ಎಂಬ ನಾನು ಮಾತ್ರ ಮೊದಲ ಸಲವೂ ನಗಲಿಲ್ಲ. ನನ್ನ ಬಾಗಿಲಿಗೆ ಗಿರಾಕಿ ಕಳಿಸುವವನನ್ನು ನೋಡಿ ನಗುವಷ್ಟು ದಡ್ಡ ನಾನಲ್ಲ.

ನಮ್ಮೂರು ಇಲುಲಾದಲ್ಲಿ ಚಳಿ ಎನ್ನಬಹುದಾದದ್ದು ವರ್ಷದಲ್ಲಿ ಎರಡು ತಿಂಗಳು. ದೆಸಿದೇರಿಯ ಕೋಟಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಹಳೇ ಬಟ್ಟೆಗಳ ಸಂತೆಯ ಗುಡ್ಡೆಯಿಂದ ಆರಿಸಿ ತಂದ, ದ್ರಾಕ್ಷಾರಸದ ಬಣ್ಣದ, ದಪ್ಪ ಉಣ್ಣೆಯ ಆ ಕೋಟು ಯಾವುದೋ ದೂರದೇಶದ ಹೆಂಗಸಿನದು. ಗಂಡಸರ ಕೋಟಿನಲ್ಲಿ ಗುಂಡಿ ಇರಬೇಕಾದ ಕಡೆ ಅದರಲ್ಲಿ ಕಾಜ, ಕಾಜ ಇರಬೇಕಾದ ಕಡೆ ಗುಂಡಿ. ಬೇಸಗೆಯ ನಡುಹಗಲಲ್ಲಿ ಲಾರಿಯ ಹೊಟ್ಟೆಯಡಿ ಮಲಗಿರುವಾಗಲೂ ಅವನು ಅದನ್ನು ಕಳಚುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಗುಂಡಿಯ ಸಂಗತಿಯನ್ನು ಅವನ ಎಡಗಿವಿಗೆ ಹಾಕಿದಾಗ, “ಗುಂಡಿ ಎಡಕ್ಕಿದ್ರೆ ಎಡಗೈಲಿ ಹಾಕ್ಕೋತೀನಿ, ಬಲಗೈಗೆ ಬೇರೆ ಕೆಲಸ ಇದೆ, ಹೌದೋ ಅಲ್ವೋ?” ಎಂದಿದ್ದ. ಈ “ಹೌದೋ ಅಲ್ವೋ” ಅವನ ಪ್ರತಿ ಮಾತಿನ ಬಾಲ. ಉತ್ತರಕ್ಕಾಗಿ ಅವನು ಎಂದೂ ಕಾದವನಲ್ಲ, ಕಾದಿದ್ದರೂ ಕೇಳಿಸುತ್ತಿರಲಿಲ್ಲವೆನ್ನಿ. ವರ್ಷಾನುಗಟ್ಟಲೆ ಎಡಮೊಣಕೈಯೂರಿ ಮಲಗಿ ಕೆಲಸ ಮಾಡಿದ್ದರಿಂದಲೋ ಏನೋ ನಡೆಯುವಾಗ ಅವನ ದೇಹ ಎಡಕ್ಕೆ ವಾಲುತ್ತಿತ್ತು. ಬಂದ ಲಾರಿಯನ್ನು ಅವನು ಮೊದಲು ಒಂದು ಸುತ್ತು ಪ್ರದಕ್ಷಿಣೆ ಹಾಕುತ್ತಿದ್ದ, ಅದೂ ಎಡದ ಹಿಂಚಕ್ರದಿಂದಲೇ ಆರಂಭಿಸಿ, ಪ್ರತಿ ಟೈರನ್ನೂ ಅಂಗೈಯಿಂದ ತಟ್ಟುತ್ತಾ. ಆ ಹೊತ್ತಿನಲ್ಲಿ ಡ್ರೈವರ್ ಏನು ಹೇಳಿದರೂ ಅದು ಗಾಳಿಗೆ ಹೋದ ಮಾತು.

ವಿನಯವೆಂಬ ಗುಣ ಅವನ ಗ್ಯಾರೇಜಿನ ಹತ್ತಿರ ಸುಳಿದದ್ದನ್ನು ನಾನು ಕಂಡಿಲ್ಲ. ಮೊರೊಗೊರೊದಿಂದ ಎಂಬೇಯಾವರೆಗೆ ಬ್ರೇಕಿನ ಕೆಲಸ ಬಲ್ಲವನು ತಾನೊಬ್ಬನೇ ಎಂದು ಅವನು ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಮಕಂಬಾಕೊದಲ್ಲಿ ಇನ್ನೊಬ್ಬನಿದ್ದ ಎಂದು ನ್ಯಾಯವಾಗಿ ಒಪ್ಪಿಕೊಂಡು, ಆದರೆ ಅವನು ತೀರಿಹೋದ ಎಂದು ಸೇರಿಸುತ್ತಿದ್ದ. ಬೇರೆ ಫುಂಡಿ, ಅಂದರೆ ಬೇರೆ ಮೇಸ್ತ್ರಿ, ಮುಟ್ಟಿದ ಚಕ್ರವನ್ನು ಬಿಚ್ಚುವಾಗ ಅವನ ಮೂಗು ಅರಳುತ್ತಿತ್ತು. ಈ ಜಂಬವನ್ನು ನಾವೆಲ್ಲ ಸಹಿಸಿಕೊಂಡಿದ್ದೆವು, ಏಕೆಂದರೆ ನಮ್ಮೂರಿನಿಂದ ಕೆಳಕ್ಕೆ ಹೊರಟ ಲಾರಿಗಳಿಗೆ ಮುಂದೆ ಕಿಟೊಂಗಾ ಘಾಟಿಯಿದೆ. ಟೊಮೇಟೊ, ಈರುಳ್ಳಿ ಹೊತ್ತು ಆ ತಿರುವುಗಳನ್ನು ಇಳಿಯುವವನಿಗೆ ತನ್ನ ಬ್ರೇಕು ಕಟ್ಟಿದವನು ಕೊಂಚ ಜಂಬದವನಾಗಿರುವುದೇ ಸಮಾಧಾನ.

ಅವನದೊಂದು ಹಟವಿತ್ತು. ಚಕ್ರದಲ್ಲಿ ಸದ್ದು ಬರುತ್ತಿದೆಯೆಂದು ಬಂದವನು ಆ ಸದ್ದನ್ನು ತನ್ನ ಬಾಯಿಂದ ಮಾಡಿ ತೋರಿಸುವವರೆಗೆ ಅವನು ಒಂದು ನಟ್ಟನ್ನೂ ಮುಟ್ಟುತ್ತಿರಲಿಲ್ಲ. ತನಗೆ ಕೇಳಿಸದಿದ್ದರೂ ತುಟಿ, ಗಂಟಲು, ಕೆನ್ನೆಗಳ ಆಟವನ್ನು ನೋಡಿಯೇ ಅವನು ಅರ್ಧ ತಿಳಿದುಕೊಳ್ಳುತ್ತಿದ್ದನೆಂದು ನನ್ನ ಅನುಮಾನ. ಮೀಸೆ ಹೊತ್ತ, ಮೊಮ್ಮಕ್ಕಳನ್ನು ಕಂಡ ಡ್ರೈವರುಗಳು ಹೆದ್ದಾರಿಯ ಪಕ್ಕದಲ್ಲಿ ನಿಂತು ಗರಗರ, ಕಿರ್‌ಕಿರ್, ಶೂಂ ಎಂದು ಬಗೆಬಗೆಯಾಗಿ ಉಲಿಯುವುದನ್ನು ನೋಡಲೆಂದೇ ಚಹದ ಅಂಗಡಿಯ ಬೆಂಚು ತುಂಬುತ್ತಿತ್ತು. ಒಮ್ಮೆ ಚರ್ಚಿನ ಪಾದ್ರಿಗಳು ತಮ್ಮ ಹಳೆಯ ವ್ಯಾನು ತಂದರು. ಅವರಿಗೂ ವಿನಾಯಿತಿ ಸಿಗಲಿಲ್ಲ. ಆ ವಯೋವೃದ್ಧರು ಸುತ್ತಮುತ್ತ ನೋಡಿ, ನಿಲುವಂಗಿಯ ತುದಿಯನ್ನು ಕೊಂಚ ಎತ್ತಿ ಹಿಡಿದು, ಅತಿ ಗಾಂಭೀರ್ಯದಿಂದ ಹಂದಿಮರಿಯಂತೆ ಕಿರುಗುಟ್ಟಿದರು. ದೆಸಿದೇರಿ ತಲೆದೂಗಿ, ಅದು ಕಾಲು ಬ್ರೇಕಿನ ಮೇಲಿರುವಾಗಿನ ಸದ್ದೋ, ಕಾಲು ತೆಗೆದಾಗಿನದೋ ಎಂದು ಕೇಳಿದ. ಪಾದ್ರಿಗಳು ಎರಡನ್ನೂ ಬೇರೆಬೇರೆಯಾಗಿ ಮಾಡಿ ತೋರಿಸಬೇಕಾಯಿತು. ಇದು ಹುಡುಗಾಟವಲ್ಲವೆಂದು ಅವನ ವಾದ. ಕಾಲಿಟ್ಟಾಗ ಬರುವ ಸದ್ದು ಲೈನಿಂಗು ಡ್ರಮ್ಮುಗಳ ನಡುವಿನ ಜಗಳ, ಕಾಲು ತೆಗೆದಾಗ ಬರುವುದು ಸಂಬಂಧವಿಲ್ಲದ ಮೂರನೆಯದೇನೋ ಹೋಗಿ ತಗುಲುತ್ತಿರುವುದು, ತಿರುವಿನಲ್ಲಿ ಮಾತ್ರ ಬರುವುದು ಭಾರ ಹೊರಲಾರದ ಯಾವುದೋ ಕೀಲಿನದು. ಸದ್ದಿಗೆ ಒಂದು ಮನೆ ಇರುತ್ತದೆ, ಮನೆ ಯಾವುದೆಂದು ಕೇಳಿಕೊಳ್ಳದೆ ಬಾಗಿಲು ಬಡಿಯಬಾರದು ಎನ್ನುತ್ತಿದ್ದ.

ಅವನ ಬಳಿಗೆ ಬರುತ್ತಿದ್ದ ಡ್ರೈವರುಗಳಲ್ಲಿ ಯೆರೆಮಿಯಾ ಚಿಲೊಂಗಾನಿಯದು ಬೇರೆಯೇ ಸ್ಥಾನ. ಅವನು ಗೋಗೊ ಬುಡಕಟ್ಟಿನವನು, ದೆಸಿದೇರಿ ಹೆಹೆ. ಈ ಎರಡು ಬುಡಕಟ್ಟುಗಳಿಗೂ ಅಜ್ಜಂದಿರ ಕಾಲದಿಂದ ಉತಾನಿ, ಅಂದರೆ ಹಂಗಿಸುವ ನಂಟು, ಇದೆ. ಒಂದಾನೊಂದು ಕಾಲದಲ್ಲಿ ಈಟಿ ಹಿಡಿದು ಕಾದಾಡಿದವರ ಮೊಮ್ಮಕ್ಕಳು ಈಗ ಬಾಯಿಗೆ ಬಂದಂತೆ ಒಬ್ಬರನ್ನೊಬ್ಬರು ಹಂಗಿಸುತ್ತಾರೆ. ಹಂಗಿಸಿಕೊಂಡವನು ಸಿಟ್ಟಾಗುವಂತಿಲ್ಲ, ಸಿಟ್ಟಾದರೆ ಸೋತ. ಸಾವಿನ ಮನೆಯಲ್ಲಿ ಕೂಡ ಉತಾನಿಯವನಿಗೆ ಹೆಣವನ್ನು ಗೇಲಿ ಮಾಡುವ ಹಕ್ಕುಂಟು, ಮತ್ತು ಅಳುತ್ತಿರುವವರಿಗೆ ಅದರಿಂದ ಸಿಗುವ ಉಪಶಮನ ಯಾವ ಪ್ರಾರ್ಥನೆಯಿಂದಲೂ ಸಿಗದು. ಹೆಹೆಗಳು ನಾಯಿ ತಿನ್ನುವವರು, ಗೋಗೊಗಳದು ನೀರಿಲ್ಲದ ನಾಡು ಎಂಬುದು ಇವರ ನಡುವಿನ ಹಳೆಯ ಮೂದಲಿಕೆ. ಚಿಲೊಂಗಾನಿ ಲಾರಿಯಿಂದ ಇಳಿಯುವ ಮುಂಚೆಯೇ ಶುರುಮಾಡುತ್ತಿದ್ದ.

“ಏನೋ ನಾಯಿ ತಿನ್ನೋನೆ, ನನ್ನ ಗಾಡಿ ಮುಟ್ಟೋಕೆ ಮುಂಚೆ ಬಾಯಿ ತೊಳ್ಕೊಂಡ್ಯಾ?”

“ನಿಮ್ಮೂರಲ್ಲಿ ತೊಳ್ಕೊಳ್ಳೋಕೆ ನೀರೆಲ್ಲಿದೆ? ಅದಕ್ಕೇ ಇಲ್ಲಿ ಬಂದು ಬೇರೆಯವರ ಬಾಯಿ ನೋಡ್ತೀಯ, ಹೌದೋ ಅಲ್ವೋ?”

ಇವನ ಮಾತು ಮಾತ್ರ ದೆಸಿದೇರಿಗೆ ಅದು ಹೇಗೋ ಪೂರ್ತಿ ಕೇಳಿಸುತ್ತಿತ್ತು.

ಚಿಲೊಂಗಾನಿ ಓಡಿಸುತ್ತಿದ್ದ ಲಾರಿ ಮಾಮಾ ನ್ಯೆಂಜಾ ಅವರದು; ಮಾಮಾ ಎಂದರೆ ನಮ್ಮಲ್ಲಿ ಅಮ್ಮ. ಟೊಮೇಟೊ ವ್ಯಾಪಾರದಲ್ಲಿ ಮೇಲೆ ಬಂದ ಆ ಹೆಂಗಸು ಮಾತಿನಲ್ಲಿ ಮಿತ, ವ್ಯವಹಾರದಲ್ಲಿ ಕಟ್ಟುನಿಟ್ಟು. ಮಳೆಗಾಲಕ್ಕೆ ಮುಂಚೆ ಅವರು ಆ ಲಾರಿಯ ಹಿಂಚಕ್ರಗಳ ಬ್ರೇಕು ಪೂರ್ತಿ ಹೊಸದು ಮಾಡಿಸಬೇಕೆಂದು ನನ್ನ ಅಂಗಡಿಯಿಂದ ಲೈನಿಂಗು, ಬೇರಿಂಗು, ವಾಷರುಗಳನ್ನೆಲ್ಲ ಕೊಂಡು ದೆಸಿದೇರಿಗೆ ಒಪ್ಪಿಸಿದರು. ಕೆಲಸ ನಡೆದ ದಿನ ಉತಾನಿ ತಾರಕಕ್ಕೇರಿತ್ತು. ಆ ಕೋಟಿನ ಒಡತಿ ತನ್ನ ಕೋಟನ್ನು ವಾಪಸು ಪಡೆಯಲು ಯುರೋಪಿನಿಂದ ಹೊರಟಿದ್ದಾಳೆಂದು ಚಿಲೊಂಗಾನಿ ಕತೆ ಕಟ್ಟಿದ. ಹಡಗಿಳಿದಿದ್ದಾಳೆ, ನಿನ್ನೆ ಮೊರೊಗೊರೊದಲ್ಲಿ ಬಸ್ಸು ಹತ್ತಿದ್ದನ್ನು ತಾನೇ ಕಂಡೆ, ದಾರಿಯಲ್ಲಿ ಸಿಕ್ಕ ಪ್ರತಿ ಗಂಡಸಿನ ಗುಂಡಿಯನ್ನೂ ಪರೀಕ್ಷಿಸುತ್ತಿದ್ದಾಳೆ ಎಂದ. ಬರಲಿ, ಅವಳನ್ನು ನಿನಗೇ ಕಟ್ಟಿ ನಿಮ್ಮ ಲೋಳೆಸೊಪ್ಪಿನ ಸಾರು ಉಣಿಸುತ್ತೇನೆ, ಬಂದ ಹಡಗಿನಲ್ಲೇ ಓಡಿಹೋಗುತ್ತಾಳೆ ಎಂದು ದೆಸಿದೇರಿ ಎಡದ ಹಿಂಚಕ್ರದ ಮುಂದೆ ಕೂತು ಪಾನಾ ತಿರುಗಿಸುತ್ತಲೇ ಉತ್ತರ ಕೊಟ್ಟ. ಬೆಂಚಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನು ಅಂಗಡಿ ಬಿಟ್ಟು ಬಂದು ನಕ್ಕೆ, ದೆಸಿದೇರಿ ಕಣ್ಣೊರೆಸಿಕೊಂಡು ನಗುತ್ತಾ ಚಕ್ರ ಮುಚ್ಚಿದ.

ಮೊದಲ ಲೋಡು ಇಳಿಸಿ ಬಂದ ಚಿಲೊಂಗಾನಿ ಕಿಟಕಿಯಿಂದಲೇ ಕೂಗಿದ: “ನಾಯಿ ತಿನ್ನೋನೆ, ನೀನು ತಿಂದುಳಿದ ಮೂಳೆ ಎಡಗಾಲಿಯೊಳಗೆ ಬಿಟ್ಟಿದೀಯ. ಘಾಟಿ ಇಳಿಯೋವಾಗ ಗರಗರ ಅಂತ ಅರೀತಿದೆ.” ಮೂಳೆಯಿದ್ದರೆ ನಿಮಗದು ಹಬ್ಬ, ಸಾರು ಮಾಡಿಕೋ ಎಂದು ದೆಸಿದೇರಿ ಅವನನ್ನು ಅಟ್ಟಿದ. ಎರಡನೆಯ ಸಲ ಬಂದವನು ಇಳಿದು ನಿಂತು, ಸದ್ದು ಹೆಚ್ಚಾಗುತ್ತಿದೆಯೆಂದ. ಪದ್ಧತಿಯಂತೆ ಸದ್ದು ಮಾಡಿ ತೋರಿಸಬೇಕಾಯಿತು. ಅವನು ಗರಗರವೆಂದು ಗಂಟಲು ತಿಕ್ಕಿ, ಕೊನೆಗೆ ಅಭ್ಯಾಸಬಲದಿಂದ ಒಂದು ಬೊಗಳು ಸೇರಿಸಿಬಿಟ್ಟ. ಅಲ್ಲಿಗೆ ಬೆಂಚು ಸಿಡಿದು ನಕ್ಕಿತು, ಉಳಿದದ್ದೇನು ಹೇಳಿದನೋ ಆ ನಗೆಯಲ್ಲಿ ಕೊಚ್ಚಿಹೋಯಿತು. ದೆಸಿದೇರಿ ಹಾಗೂ ಖಾಲಿ ಲಾರಿಯಲ್ಲಿ ಚರ್ಚಿನ ತಿರುವಿನವರೆಗೆ ಕೋಲು ಕಚ್ಚಿಕೊಂಡು ಹೋಗಿಬಂದು, ಏನೂ ಇಲ್ಲ, ಹೊಸ ಲೈನಿಂಗು ಡ್ರಮ್ಮಿಗೆ ಒಗ್ಗಿಕೊಳ್ಳುವವರೆಗೆ ನಾಲ್ಕು ದಿನ ಉಜ್ಜುತ್ತದೆ, ಉಳಿದ ಸದ್ದು ನಿನ್ನ ಹೊಟ್ಟೆಯದು, ಏನಾದರೂ ತಿನ್ನು ಎಂದ. ಹೊಸ ಲೈನಿಂಗು ಉಜ್ಜುವುದು ನಿಜವೇ. ಅದು ನನಗೂ ಗೊತ್ತಿರುವ ಸಂಗತಿ. ಆದ್ದರಿಂದ ಯಾರೂ ಮತ್ತೆ ಯೋಚಿಸಲಿಲ್ಲ.

ಯೋಚಿಸಿದವರು ಮಾಮಾ ನ್ಯೆಂಜಾ. ಘಾಟಿಯ ಕೆಳಗಿನ ತಂಗಿಯ ಮನೆಗೆಂದು ಒಮ್ಮೆ ಲೋಡಿನ ಜೊತೆ ಹೊರಟ ಅವರು ತಿರುವು ತಿರುವಿನಲ್ಲೂ ಆ ಅರೆತವನ್ನು ಸ್ವಂತ ಕಿವಿಯಿಂದ ಕೇಳಿ, ಮರುದಿನ ನನ್ನ ಅಂಗಡಿಗೆ ಬಂದು ನಿಂತರು. ನಾನು ಕೊಟ್ಟ ಸಾಮಾನು ಹೊಸದೇ ತಾನೇ ಎಂದು ಕೇಳಿದರು. ಆ ಪ್ರಶ್ನೆಗೆ ನನಗೆ ಮೈಯೆಲ್ಲ ಉರಿಯಿತು. ಮುಚ್ಚಿದ ಡಬ್ಬಿಯಿಂದ ನಿಮ್ಮ ಎದುರಿಗೇ ತೆಗೆದುಕೊಟ್ಟದ್ದು ಎಂದೆ. ಅವರು ತಲೆಯಾಡಿಸಿದರು.

“ಹೊಸ ಸಾಮಾನು ಹೀಗೆ ಅರಚೋದಿಲ್ಲ, ಲುವಾಂಡಾ. ಅರಚ್ತಿದೆ ಅಂದ್ರೆ ಒಳಗೆ ಈಗ ಹೊಸದಿಲ್ಲ. ಫುಂಡಿ ಹಾಕಿದ್ದನ್ನ ದಾರೀಲಿ ಯಾರೋ ಬಿಚ್ಚಿ ಮಾರ್ಕೊಂಡಿದಾರೆ. ಬುಧವಾರದ ಲೋಡು ಬೇರೆಯವನು ಓಡಿಸ್ತಾನೆ.”

ಯಾರೋ ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಡ್ರೈವರುಗಳಲ್ಲಿ ಹಾಗೆ ಮಾಡುವವರು ಇಲ್ಲವೆಂದು ನಾನು ಹೇಳಲಾರೆ. ಆದರೆ ಕಳ್ಳನೆಂಬ ಮಾತು ನಮ್ಮ ಹೆದ್ದಾರಿಯಲ್ಲಿ ಯಾವ ಲಾರಿಗಿಂತಲೂ ವೇಗವಾಗಿ ಓಡುತ್ತದೆ. ಒಮ್ಮೆ ಅದು ಅಂಟಿದವನ ಕೈಗೆ ಇನ್ನಾವ ಮಾಲೀಕನೂ ಬೀಗದಕೈ ಕೊಡುವುದಿಲ್ಲ. ಚಿಲೊಂಗಾನಿಗೆ ಓಡಿಸುವುದನ್ನು ಬಿಟ್ಟು ಬೇರೆ ವಿದ್ಯೆ ಗೊತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವನು ನಡೆದುಕೊಂಡು ಬಂದ. ಟೋಪಿ ಕೈಯಲ್ಲಿತ್ತು. ಬೆಂಚಿನವರು ಇವತ್ತೇನು ಶುರುಮಾಡುತ್ತಾನೋ ಎಂದು ಮುಖವರಳಿಸಿ ಕಾದರು. ಅವನು ನೇರವಾಗಿ ದೆಸಿದೇರಿಯ ಮುಂದೆ ಹೋಗಿ, ತಲೆ ತಗ್ಗಿಸಿ, “ಶಿಕಾಮೂ, ಅಪ್ಪಾ” ಎಂದ.

ಹಿರಿಯರ ಕಾಲಿಗೆರಗುವ ಮಾತದು. ಊರಿನ ಮಕ್ಕಳೆಲ್ಲ ದಿನಕ್ಕೆ ನೂರು ಸಲ ಹೇಳುತ್ತಾರೆ. ಚಿಲೊಂಗಾನಿ ಈ ಮನುಷ್ಯನಿಗೆ ಅದನ್ನು ಎಂದೂ ಹೇಳಿದವನಲ್ಲ. ದೆಸಿದೇರಿ ಪಾನಾ ಕೆಳಗಿಟ್ಟ. ಅವನ ಮುಖ ಬಿಳಿಚಿಕೊಂಡದ್ದನ್ನು ನಾನು ರಸ್ತೆಯ ಈಚೆಯಿಂದಲೇ ಕಂಡು ಎದ್ದುಹೋದೆ.

“ಯಾರು ಹೋದ್ರು?” ಎಂದು ಕೇಳಿದ ಅವನು.

“ಯಾರೂ ಹೋಗಿಲ್ಲ. ನನ್ನ ಕೆಲಸ ಹೋಗ್ತಿದೆ. ಹೆಸರೂ ಹೋಗ್ತಿದೆ. ಸದ್ದು ನಿಜ, ಅಪ್ಪಾ. ಮೊದಲಿಂದ್ಲೂ ನಾನು ನಿಜಾನೇ ಹೇಳ್ತಿದ್ದೆ.”

ದೆಸಿದೇರಿ ಅವನ ತುಟಿ ಕಾಣುವಂತೆ ಎದುರಿಗೆ ಬಂದು ನಿಂತ. ಆಮೇಲೆ ಸದ್ದು ಮಾಡು ಎಂದ. ಚಿಲೊಂಗಾನಿ ಮಾಡಿದ, ಬೊಗಳು ಸೇರಿಸಲಿಲ್ಲ. ಆ ಒಣ ಗರಗರವನ್ನು ಕೇಳಿ ಬೆಂಚಿನಲ್ಲಿ ಯಾರೂ ನಗಲಿಲ್ಲ. ಬ್ರೇಕು ಒತ್ತಿದರೆ ಸದ್ದು ಅಡಗುತ್ತದೆ, ಬಿಟ್ಟರೆ ಬರುತ್ತದೆ. ಬಲಕ್ಕೆ ತಿರುಗುವಲ್ಲಿ ಹೆಚ್ಚು. ಲಾರಿ ಖಾಲಿಯಿದ್ದರೆ ಇಲ್ಲವೇ ಇಲ್ಲ, ಟೊಮೇಟೊ ಹೇರಿದಾಗ ಮಾತ್ರ. ಒಂದೊಂದು ಉತ್ತರಕ್ಕೂ ದೆಸಿದೇರಿ ಕುಗ್ಗುತ್ತಾ ಹೋದ.

“ಇದನ್ನೆಲ್ಲ ಅವತ್ತೇ ಯಾಕೆ ಹೇಳಲಿಲ್ಲ?”

“ಹೇಳಿದ್ದೆ.”

ಹೇಳಿದ್ದ, ಹೌದು. ನಾವು ನಗುತ್ತಿದ್ದೆವು. ಉತಾನಿಯ ಬಾಯಿಂದ ಬಂದ ಮಾತನ್ನು ನಿಜವೆಂದು ಎಣಿಸುವುದು ನಮ್ಮಲ್ಲಿ ಪೆದ್ದತನ. ಆ ಪೆದ್ದತನ ಒಬ್ಬನಿಗಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಮಾಮಾ ನ್ಯೆಂಜಾ ಅವರ ಅಂಗಳದಲ್ಲಿ ಮರುದಿನಕ್ಕಾಗಿ ಲೋಡು ಹೇರಿ ನಿಂತಿದ್ದ ಲಾರಿಯನ್ನು ಹಾಗೆಯೇ ಘಾಟಿಗೆ ಒಯ್ದು ಚಿಲೊಂಗಾನಿಯೇ ಒಂದೆರಡು ತಿರುವು ಇಳಿಸಬೇಕೆಂದು ದೆಸಿದೇರಿ ಹೇಳಿದ. ಅವರು ಒಪ್ಪಿದರು, ತಾವೂ ಬರುವುದಾಗಿ ಹೇಳಿ ಮುಂದೆ ಹತ್ತಿ ಕೂತರು. ನಾನು ಅವರ ಪಕ್ಕದಲ್ಲಿ ಜಾಕು, ಪಾನಾ, ಬಿಡಿಭಾಗಗಳ ಚೀಲ ಹಿಡಿದು ಕೂತೆ. ದೆಸಿದೇರಿ ಹಿಂದೆ ಟೊಮೇಟೊ ಪೆಟ್ಟಿಗೆಗಳ ನಡುವಿನ ಸಂದಿಯಲ್ಲಿ ಎಡಗಾಲಿಯ ನೇರಕ್ಕೆ ಮಂಡಿಯೂರಿ, ಕೋಲನ್ನು ಅಡಿಯ ಕಬ್ಬಿಣಕ್ಕೆ ನಾಟಿಸಿ ಕಚ್ಚಿಕೊಂಡ. ಅತಿ ಕಡಿಮೆ ಗೇರಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ ಚಿಲೊಂಗಾನಿ ಇಳಿಸತೊಡಗಿದ. ಮೊದಲ ತಿರುವು ಎಡಕ್ಕೆ, ಏನಿಲ್ಲ. ಎರಡನೆಯದು ಬಲಕ್ಕೆ. ಒಣಕಲ್ಲನ್ನು ಒರಳಲ್ಲಿ ತಿರುವಿದ ಹಾಗೆ ಕೆಳಗಿನಿಂದ ಸದ್ದೆದ್ದಿತು, ನನ್ನ ಪಾದಕ್ಕೇ ತಾಕಿತು. ಹಿಂದಿನಿಂದ ಹಲಗೆಯನ್ನು ಮುಷ್ಟಿಯಿಂದ ಗುದ್ದುವ ಸದ್ದು, ಒಂದಲ್ಲ, ಎಡೆಬಿಡದೆ. ಚಿಲೊಂಗಾನಿ ರಸ್ತೆಯಂಚಿಗೆ ತಂದು ನಿಲ್ಲಿಸಿದ.

ಇಳಿದು ಬಂದವನ ಕೋಟಿನ ತುಂಬ ಟೊಮೇಟೊ ರಸ. ಇಲ್ಲಿಂದ ಒಂದು ಮಾರೂ ಚಲಿಸಬಾರದು, ಇಲ್ಲೇ ಬಿಚ್ಚಬೇಕು ಎಂದ. ಸದ್ದಿನ ಮನೆ ಸಿಕ್ಕಾಗಲೆಲ್ಲ ಅವನ ಮುಖದ ಮೇಲೆ ಒಂದು ಗೆಲುವು ಕಾಣಿಸುತ್ತಿತ್ತು, ಅದು ಆವತ್ತು ಇರಲಿಲ್ಲ. ಚಕ್ರಗಳ ಮುಂದೆ ಕಲ್ಲಿಟ್ಟೆವು, ಗಿಡದ ಹಸಿರು ಕೊಂಬೆಗಳನ್ನು ಮುರಿದು ಮೇಲೂ ಕೆಳಗೂ ರಸ್ತೆಯ ಮೇಲೆ ಹಾಸಿದೆವು. ಕೊಂಬೆ ಕಂಡ ಡ್ರೈವರುಗಳು ಒಬ್ಬೊಬ್ಬರಾಗಿ ನಿಲ್ಲಿಸಿ ಬಂದು ಸುತ್ತ ನಿಂತರು. ದೆಸಿದೇರಿ ಜಾಕಿನ ಮೇಲೆತ್ತಿದ ಚಕ್ರವನ್ನು ತಲೆ, ಬುಡ ಹಿಡಿದು ಅಲ್ಲಾಡಿಸಿದ. ಮುದುಕರ ಹಲ್ಲಿನಂತೆ ಅದು ಅಲ್ಲಾಡಿತು. ಒಳಗಿನ ದೊಡ್ಡ ನಟ್ಟು ಪಾನಾ ಕೇಳಲಿಲ್ಲ. ಬೆರಳಿಗೇ ತಿರುಗಿ ಬಂತು. ಸಡಿಲಾದ ಚಕ್ರ ಭಾರ ಬಿದ್ದಾಗ ಓರೆಯಾಗಿ, ಡ್ರಮ್ಮಿನ ಅಂಚು ಹಿಂದಿನ ಧೂಳುತಗಡಿಗೆ ತಗುಲಿ ಅರೆಯುತ್ತಿತ್ತು. ಇನ್ನು ನಾಲ್ಕು ಲೋಡು ಹೀಗೆ ಓಡಿದ್ದರೆ ಚಕ್ರವೇ ಕಳಚಿ ಲಾರಿಗಿಂತ ಮುಂಚೆ ಘಾಟಿ ಇಳಿಯುತ್ತಿತ್ತು. ನೆರೆದವರಿಗೆಲ್ಲ ಇದು ಹೇಳದೆ ಅರ್ಥವಾಯಿತು.

“ಫುಂಡಿ ಬಿಗಿದ ನಟ್ಟು ತಾನಾಗಿ ಬಿಚ್ಚಿಕೊಳ್ಳಲ್ಲ,” ಎಂದರು ಮಾಮಾ ನ್ಯೆಂಜಾ, ಧ್ವನಿಯೇರಿಸದೆ. “ಇದನ್ನ ಬಿಚ್ಚಿದೋರಿದಾರೆ.” ಅವರು ಚಿಲೊಂಗಾನಿಯ ಕಡೆಗೆ ನೋಡಿದರು. ಎಲ್ಲರೂ ನೋಡಿದರು. ಬ್ರೇಕಿನ ವಿಷಯದಲ್ಲಿ ದೆಸಿದೇರಿ ಕಿಹ್ವೇಲೆ ತಪ್ಪುತ್ತಾನೆಂದು ಆ ಗುಂಪಿನಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ಒಳಗಿನ ಬೇರಿಂಗು ಚಿಲೊಂಗಾನಿಯ ಪರ ಸಾಕ್ಷಿ ಹೇಳುವಂತಿರಲಿಲ್ಲ. ಸಡಿಲವಾಗಿ ಓಡಿದ ಹೊಸ ಬೇರಿಂಗು ಕೆಲವೇ ದಿನಗಳಲ್ಲಿ ಹಳೆಯದರಂತೆ ಕಾಣುತ್ತದೆ, ಅದರ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ.

ನಾನು ದೆಸಿದೇರಿಯ ಮಗ್ಗುಲಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ. ಅವನ ಅಂಗೈಯಲ್ಲಿ ಆ ನಟ್ಟಿನ ಹಿಂದಿನ ವಾಷರಿತ್ತು. ತೆಳುವಾದ ತಗಡಿನ ಬಿಲ್ಲೆ ಅದು, ಸುತ್ತ ಸಣ್ಣ ಸಣ್ಣ ಕಿವಿಗಳು. ನಟ್ಟು ಬಿಗಿದ ಮೇಲೆ ಒಂದು ಕಿವಿಯನ್ನು ಅದರ ಮೇಲಕ್ಕೆ ಮಡಚಿ ಕೂರಿಸಿದರೆ ನಟ್ಟು ಮತ್ತೆ ತಿರುಗುವುದಿಲ್ಲ. ಮಡಚಿದ ಕಿವಿಯನ್ನು ಯಾರಾದರೂ ಎತ್ತಿ ಬಿಚ್ಚಿದ್ದರೆ ಮಡಿಕೆಯ ಗೀರು ಉಳಿದೇ ಉಳಿಯುತ್ತದೆ. ಇದರಲ್ಲಿ ಗೀರಿರಲಿಲ್ಲ. ನನ್ನ ಡಬ್ಬಿಯಿಂದ ಬಂದ ಹಾಗೆ ಎಲ್ಲ ಕಿವಿಗಳೂ ನೆಟ್ಟಗೆ, ನುಣ್ಣಗೆ ಇದ್ದವು. ನಾನು ನೋಡಿದೆ. ನಾನು ನೋಡಿದ್ದನ್ನು ಅವನು ನೋಡಿದ. ಅವನ ಹೆಬ್ಬೆರಳು ಒಂದು ಕಿವಿಯ ಮೇಲಿತ್ತು. ಕೊಂಚ ಒತ್ತಿ ಮಡಚಿ, ಮತ್ತೆ ನೆಟ್ಟಗೆ ಮಾಡಿದ್ದರೆ ಗೀರು ಬೀಳುತ್ತಿತ್ತು, ಅಷ್ಟೇ. ಅಂಗೈಯೊಳಗಿನ ಆ ಕೆಲಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅವನ ಹೆಸರು ಹೆದ್ದಾರಿಯುದ್ದಕ್ಕೂ ಹಾಗೆಯೇ ಉಳಿಯುತ್ತಿತ್ತು. ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ, ಆ ಪರೀಕ್ಷೆ ನನಗೆ ಬರಲಿಲ್ಲ, ಬರದಿದ್ದದ್ದಕ್ಕೆ ದೇವರಿಗೆ ನಮಸ್ಕಾರ. ಮೇಲಿನಿಂದ ಒಂದು ಟ್ಯಾಂಕರು ಹಾರ್ನು ಬಾರಿಸುತ್ತಾ ಇಳಿದುಹೋಗುವವರೆಗೂ ಅವನು ಹಾಗೆಯೇ ಕೂತಿದ್ದ.

ಆಮೇಲೆ ಎದ್ದು ವಾಷರನ್ನು ಮಾಮಾ ನ್ಯೆಂಜಾ ಅವರ ಕೈಗೆ ಕೊಟ್ಟ.

“ಇದಕ್ಕೆ ಗೀರಿಲ್ಲ, ನೋಡಿ ಮಾಮಾ. ಮಡಚಿದ್ರೆ ಗೀರು ಬೀಳುತ್ತೆ. ಮಡಚಬೇಕಾಗಿದ್ದೋನು ನಾನು.”

“ಅಂದ್ರೆ?”

“ಅಂದ್ರೆ ಯಾರೂ ಬಿಚ್ಚಿಲ್ಲ. ನಾನೇ ಮುಚ್ಚಿಲ್ಲ. ಅವತ್ತು ನಗ್ತಾ ನಗ್ತಾ ಮರ್ತೆ.”

ಮಾಮಾ ನ್ಯೆಂಜಾ ಆ ಬಿಲ್ಲೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಒಂದೊಂದೇ ಕಿವಿಯನ್ನು ಉಗುರಿನಿಂದ ಸವರಿ ನೋಡಿದರು. “ನೀನು ಇವನನ್ನ ಕೊಂದುಬಿಡ್ತಿದ್ದೆ, ಫುಂಡಿ” ಎಂದರು. ಅವನು ಹೌದೆಂದ. ಚಿಲೊಂಗಾನಿಗೆ ಅವರು ಕ್ಷಮೆ ಕೇಳಲಿಲ್ಲ. ಅವರ ಜಾಯಮಾನವೇ ಅಲ್ಲ ಅದು. ನಾಳೆ ಹೊತ್ತಿಗೆ ಸರಿಯಾಗಿ ಹೊರಡಬೇಕು, ಬಿಸಿಲೇರಿದರೆ ಟೊಮೇಟೊ ಮೆತ್ತಗಾಗುತ್ತದೆ ಎಂದು ಅವನಿಗೇ ಹೇಳಿದರು. ಅಷ್ಟು ಸಾಕಾಯಿತು. ಚಿಲೊಂಗಾನಿ ರಸ್ತೆಯಂಚಿನ ಕಲ್ಲಿನ ಮೇಲೆ ಕೂತು ಟೋಪಿಯಿಂದ ಮುಖ ಮುಚ್ಚಿಕೊಂಡ. ದೆಸಿದೇರಿ ನನ್ನಿಂದ ಹೊಸ ವಾಷರು ತೆಗೆದುಕೊಂಡು, ಬೇರಿಂಗು ಬದಲಿಸಿ, ನಟ್ಟು ಬಿಗಿದು, ಕಿವಿ ಮಡಚಿ, ಮಡಚಿದ್ದನ್ನು ಮುಟ್ಟಿ ನೋಡಲು ಚಿಲೊಂಗಾನಿಯನ್ನೇ ಕರೆದ.

ಸುದ್ದಿ ಮೊದಲು ಮುಟ್ಟಿದ್ದು ಚಹದ ಅಂಗಡಿಗೆ, ಆಮೇಲೆ ಇರಿಂಗಾಕ್ಕೆ, ಆಮೇಲೆ ಎಲ್ಲೆಲ್ಲಿಗೋ. ಕೆಲವು ಲಾರಿಗಳು ನಿಲ್ಲದೆ ಮುಂದೆ ಹೋಗತೊಡಗಿದವು. ಅವನ ಜೊತೆ ನನ್ನ ವ್ಯಾಪಾರವೂ ಕುಸಿಯಿತು, ಸುಳ್ಳು ಯಾಕೆ, ನನಗೆ ಅವನ ಮೇಲೆ ಸಿಟ್ಟು ಬಂದಿತ್ತು. ಕೇಳಿದವರಿಗೆ ಅವನು ಏನನ್ನೂ ಮುಚ್ಚಿಡಲಿಲ್ಲ. ಆದರೆ ತಪ್ಪೊಪ್ಪಿಗೆಯಿಂದ ಅವನ ಜಂಬ ಇಳಿಯಿತೆಂದು ತಿಳಿದವರಿಗೆ ನಿರಾಶೆ ಕಾದಿತ್ತು. ಅಂಥ ಸದ್ದನ್ನು ಪೆಟ್ಟಿಗೆಗಳ ಮಧ್ಯೆ ಕೂತು ಹಿಡಿಯಲು ಇನ್ನಾರಿಗೆ ಸಾಧ್ಯವಿತ್ತು, ಮಕಂಬಾಕೊದವನಾದರೋ ಸತ್ತುಹೋದ ಎಂದು ಅದನ್ನೂ ತನ್ನ ಹೆಚ್ಚುಗಾರಿಕೆಯ ಲೆಕ್ಕಕ್ಕೇ ಜಮಾ ಮಾಡಿಕೊಂಡ. ಅವನನ್ನು ನಿಜವಾಗಿ ಕಾಡಿದ್ದು ಬೇರೆ. ಚಿಲೊಂಗಾನಿ ಬರುತ್ತಿದ್ದ, ಟೋಪಿ ತೆಗೆಯುತ್ತಿದ್ದ, ಶಿಕಾಮೂ ಹೇಳುತ್ತಿದ್ದ, ಹಂಗಿಸುತ್ತಿರಲಿಲ್ಲ. ತನ್ನ ಅನ್ನ ಉಳಿಸಿದವನ ಮುಂದೆ ಬಾಯಿ ಬರುತ್ತಿಲ್ಲವೆಂದು ನನ್ನ ಹತ್ತಿರ ಹೇಳಿಕೊಂಡಿದ್ದ. ಗಿರಾಕಿಗಳು ತಪ್ಪಿದಾಗ ಕುಗ್ಗದ ದೆಸಿದೇರಿ ಈ ಮರ್ಯಾದೆಗೆ ಕುಗ್ಗಿಹೋದ, ಊಟ ಬಿಟ್ಟ, ಒಂದು ದಿನ ತಡೆಯಲಾರದೆ ಅವನ ಅಂಗಿ ಹಿಡಿದು ನಿಲ್ಲಿಸಿದ.

“ಆ ಶಿಕಾಮೂ ವಾಪಸ್ ತಗೋ. ಅದನ್ನ ಕೇಳಿದಾಗೆಲ್ಲ ನೀನು ಸತ್ತ ಹಾಗಾಗುತ್ತೆ ನನಗೆ.”

ಚಿಲೊಂಗಾನಿ ನೆಲ ನೋಡಿದ. ಮೆಲ್ಲಗೆ ಅವನ ತುಟಿಯಂಚು ಸಡಿಲವಾಯಿತು. “ನಾಯಿ ತಿನ್ನೋನೆ,” ಎಂದ, “ಸತ್ತಿದ್ರೆ ಒಳ್ಳೇದಿತ್ತು ನಿನಗೆ. ನನ್ನ ಹೆಣದ ಮುಂದೆ ನಿಂತು ಹಂಗಿಸೋ ಸರದಿ ನಿಂದಾಗ್ತಿತ್ತು. ಉತ್ತರ ಕೊಡೋರೂ ಇರ್ತಿರ್ಲಿಲ್ಲ.”

ಬೆಂಚಿನಲ್ಲಿ ಯಾರೋ ನಕ್ಕರು. ದೆಸಿದೇರಿ ನಗಲಿಲ್ಲ; ಹಿಡಿದ ಅಂಗಿಯನ್ನು ಬಿಡದೆ ಕೇಳಿದ: “ಇದು ತಮಾಷೆನೋ, ಚಕ್ರನೋ?”

“ಎರಡೂ” ಎಂದ ಚಿಲೊಂಗಾನಿ.

ಅಂದಿನಿಂದ ಅದೊಂದು ಪದ್ಧತಿಯಾಗಿದೆ. ಚಿಲೊಂಗಾನಿಯ ಬೈಗುಳ ಎಷ್ಟೇ ರುಚಿಯಾಗಿರಲಿ, ದೆಸಿದೇರಿ ಮೊದಲು ಕೈಕೆಲಸ ನಿಲ್ಲಿಸುತ್ತಾನೆ, ತಮಾಷೆಯೋ ಚಕ್ರವೋ ಎಂದು ಕೇಳುತ್ತಾನೆ, ತಮಾಷೆಯೆಂಬ ಉತ್ತರ ತುಟಿಯ ಮೇಲೆ ಕಂಡ ಮೇಲಷ್ಟೇ ನಗುತ್ತಾನೆ. ಇದರಿಂದ ಉತಾನಿಯ ಲಯ ಕೆಟ್ಟಿತೆಂದು ಬೆಂಚಿನವರ ದೂರು. ನಿಲ್ಲದೆ ಹೋಗುತ್ತಿದ್ದ ಲಾರಿಗಳಲ್ಲಿ ಹಲವು ಮತ್ತೆ ನಿಲ್ಲುತ್ತಿವೆ, ಕೆಲವು ಇನ್ನೂ ಇಲ್ಲ. ಮಾಮಾ ನ್ಯೆಂಜಾ ಅವರ ಲಾರಿ ಬೇರೆಲ್ಲಿಗೂ ಹೋಗಲಿಲ್ಲ. ಕಾರಣ ಕೇಳಿದ್ದಕ್ಕೆ, ಉಳಿದ ಫುಂಡಿಗಳು ಮರೆತದ್ದು ನನಗೆ ಗೊತ್ತಾಗುವ ಬಗೆ ಹೇಗೆ ಎಂದು ನನ್ನನ್ನೇ ಮರುಪ್ರಶ್ನಿಸಿದರು.

ಅವರ ಮಾತಿನ ಮೇಲೆ ನಾನು ಅಂಗಡಿಯಲ್ಲಿ ಕೂತು ಬಹಳ ಯೋಚಿಸಿದ್ದೇನೆ. ಹೆಸರಿಗಾಗಿ ದುಡಿಯುವ ಕುಶಲಕರ್ಮಿಗಳೂ ಕೆಲಸಕ್ಕಾಗಿ ದುಡಿಯುವವರೂ ನೋಡುವುದಕ್ಕೆ ಒಂದೇ ತೆರನಾಗಿರುತ್ತಾರೆ: ಅದೇ ಹಟ, ಅದೇ ಸೊಕ್ಕು, ಅನ್ಯರ ಕೆಲಸವನ್ನು ಕಂಡಾಗ ಅದೇ ಮೂಗರಳಿಕೆ. ಹೆಸರೂ ಕೆಲಸವೂ ಒಂದೇ ದಾರಿಯಲ್ಲಿ ಹೋಗುತ್ತಿರುವಷ್ಟು ಕಾಲ ಇವರನ್ನು ಬೇರ್ಪಡಿಸಿ ಗುರುತಿಸುವುದು ಅಸಾಧ್ಯ. ಎಲ್ಲೋ ಒಂದು ತಿರುವಿನಲ್ಲಿ ಅವೆರಡೂ ಅಗಲುತ್ತವೆ, ಆಗ ಒಬ್ಬನು ಹೆಸರಿನ ಹಿಂದೆ ಹೋಗುತ್ತಾನೆ, ಇನ್ನೊಬ್ಬನು ಚಕ್ರದ ಮೇಲೆ ಕೂತವನ ಹಿಂದೆ. ಈ ಎರಡನೆಯ ಬಗೆಯವರ ಕೈಯಲ್ಲೂ ತಪ್ಪಾಗುತ್ತದೆ, ಅವರು ಕಟ್ಟಿಕೊಟ್ಟ ಬ್ರೇಕಿನ ಮೇಲೆ ಘಾಟಿ ಇಳಿಯುವವನಿಗೂ ಭಯವಾಗುತ್ತದೆ. ಭಯವಾಯಿತೆಂದು ಹಿಂತಿರುಗಿ ಬಂದು ಹೇಳಿದರೆ ಅವರು ನಂಬುತ್ತಾರೆ. ಇಳಿಯುವವನಿಗೆ ಬೇಕಾದ ಧೈರ್ಯ ಅಷ್ಟೇ.